ಚೆರೊಕೀ ಮಡಕೆ ಸೋರ್ತಿದೆ, ಮುಖವಾಡ ಬಿರುಕು ಬಿಟ್ಟಿದೆ, ನಾವು ಮೋಸ ಹೋದ್ವಾ?

ಪ್ರಶ್ನೆ: ಮೇಡಂ ನಮಸ್ಕಾರ. ನಾವು ಅಮೆರಿಕದ ಶಾರ್ಲಟ್‌ನಲ್ಲಿ ಕೆಲವು ವರ್ಷ ಇದ್ದು ಈಗ ಬೆಂಗಳೂರಿಗೆ ವಾಪಸ್ ಬಂದಿದೀವಿ. ಬರೋ ಮುಂಚೆ ಸ್ಮೋಕಿ ಬೆಟ್ಟ ನೋಡೋಕೆ ಹೋದಾಗ, ಅಮೆರಿಕದ ಮೂಲನಿವಾಸಿಗಳಾದ ಚೆರೊಕೀ ಬುಡಕಟ್ಟಿನವರ ಚೆರೊಕೀ ಅನ್ನೋ ಊರಲ್ಲಿ, ಅಲ್ಲಿನ ಕಲಾವಿದರೇ ನಡೆಸೋ ಸೊಸೈಟಿ ಅಂಗಡಿಯಲ್ಲಿ ಒಂದು ಕಪ್ಪು ಮಡಕೆ, ಒಂದು ಮರದ ಮುಖವಾಡ ತಗೊಂಡ್ವಿ. ಎರಡೂ ಒಬ್ಬರೇ ಕಲಾವಿದೆ ಮಾಡಿದ್ದು, ಆಕೆ ಅವತ್ತು ಅಲ್ಲೇ ಇದ್ರು. ಮಗನಿಗೆ ಅಂತ ರಸ್ತೆ ಪಕ್ಕದ ಇನ್ನೊಂದು ಅಂಗಡಿಯಲ್ಲಿ ಬಣ್ಣಬಣ್ಣದ ಪುಟ್ಟ ಟೋಟೆಮ್ ಕಂಬಾನೂ (ಒಂದರ ಮೇಲೊಂದು ಪ್ರಾಣಿ ಮುಖ ಕೆತ್ತಿದ ಕಂಬ) ತಗೊಂಡ್ವಿ. ಈಗ ಸಮಸ್ಯೆ ಏನಂದ್ರೆ ಹಬ್ಬಕ್ಕೆ ಮಡಕೆಗೆ ನೀರು ಹಾಕಿ ಹೂ ಇಟ್ಟಿದ್ದೆ, ಬೆಳಿಗ್ಗೆ ನೋಡಿದ್ರೆ ಟೇಬಲ್ ಮೇಲೆ ಒದ್ದೆ ಉಂಗುರ. ಒಂದು ವಾರ ಆದ್ಮೇಲೆ ತಳದ ಸುತ್ತ ಬಿಳಿ ಪುಡಿ. ಒಂದು ಕಡೆ ಕಪ್ಪು ಸರಿಯಾಗಿ ಕೂತಿಲ್ಲ, ಕಂದು ಮಚ್ಚೆ ಇದೆ. ನಮ್ಮ ಭಾವ ಬೆರಳಲ್ಲಿ ತಟ್ಟಿ ನೋಡಿ "ಟಣ್ ಅಂತಾನೇ ಇಲ್ಲ, ಇದು ಎಲ್ಲೋ ಫ್ಯಾಕ್ಟರಿ ಮಾಲು, ತಳದಲ್ಲಿ ಜಿ ಡಬ್ಲ್ಯು ವೈ ಅಂತ ಇಂಗ್ಲಿಷ್ ಬೇರೆ ಕೆತ್ತಿದಾರೆ" ಅಂದ್ರು. ಮುಖವಾಡಕ್ಕೆ ಹಣೆಯಿಂದ ಮೂಗಿನವರೆಗೆ ಬಿರುಕು ಬಂದಿದೆ. ಅತ್ತೆ "ಅದು ಅವರ ಯಾವ್ದೋ ದೇವರೋ ದೆವ್ವವೋ, ಹಾಲ್‌ನಲ್ಲಿ ಬೇಡ" ಅಂತಿದಾರೆ. ಆ ಕಲಾವಿದೆ ತಾನು ಸ್ಕೂಲು ಕಾಲೇಜಲ್ಲಿ ಕಲಿತಿದ್ದು, ಕೆತ್ತೋಕೆ ಕರೆಂಟ್ ಮಷೀನೂ ಬಳಸ್ತೀನಿ ಅಂತ ಹೇಳಿದ್ರು, ಹಾಗಾದ್ರೆ ಇದು ಸಾಂಪ್ರದಾಯಿಕ ಹೇಗೆ ಆಯ್ತು? ಕೊನೆಯದಾಗಿ, ಒಂಬತ್ತನೇ ಕ್ಲಾಸಲ್ಲಿರೋ ಮಗಳು ಇಲ್ಲಿ ಪಾಟರಿ ಕ್ಲಾಸ್‌ಗೆ ಹೋಗ್ತಾಳೆ, ಅದೇ ತರ ಡಿಸೈನ್ ಮಾಡಿ ಇನ್‌ಸ್ಟಾದಲ್ಲಿ ಮಾರ್ತೀನಿ ಅಂತಿದಾಳೆ. ಏನು ಮಾಡಬೇಕು ಅಂತ ದಯವಿಟ್ಟು ತಿಳಿಸಿ.

ಉತ್ತರ:

ನಿಮ್ಮ ಪತ್ರ ಎರಡು ಸಲ ಓದಿದೆ. ಕೇಳಿರೋದು ಸೋರೋದರ ಬಗ್ಗೆ, ಬಿರುಕಿನ ಬಗ್ಗೆ, ಆದ್ರೆ ಒಳಗಿರೋ ಚಿಂತೆ ಒಂದೇ, ದುಡ್ಡು ಕೊಟ್ಟು ತಂದಿದ್ದು ಅಸಲಿಯಾ ಅಲ್ವಾ ಅಂತ. ನಾನು ಮಣ್ಣಿನ ಮತ್ತು ಮರದ ಹಳೇ ವಸ್ತುಗಳನ್ನ ಸಂರಕ್ಷಣೆ ಮಾಡೋ ಕೆಲಸದಲ್ಲಿರೋಳು, ಅಮೆರಿಕದ ಆಗ್ನೇಯ ಭಾಗದ ಮಡಕೆಗಳನ್ನ ಕೈಯಲ್ಲಿ ಹಿಡಿದು ಕೆಲಸ ಮಾಡಿದೀನಿ, ಆ ಅನುಭವದಿಂದ ನೇರವಾಗಿ ಹೇಳ್ತೀನಿ: ನೀವು ಬರೆದ ಲಕ್ಷಣಗಳಲ್ಲಿ ಒಂದೂ ನಕಲಿ ಅನ್ನೋದಕ್ಕೆ ಸಾಕ್ಷಿ ಅಲ್ಲ. ಸೋರೋದು, ಮಚ್ಚೆ, ಮಂದ ಸದ್ದು, ಇವೆಲ್ಲ ಆ ಮಡಕೆ ತೆರೆದ ಬೆಂಕಿಯಲ್ಲಿ ಸುಟ್ಟಿದ್ದು ಅನ್ನೋದರ ಗುರುತು. ನಿಮಗೆ ಅನುಮಾನ ಬರಬೇಕಾಗಿದ್ದು ಮೂರನೇ ವಸ್ತು ಮೇಲೆ, ಆ ಟೋಟೆಮ್ ಕಂಬದ ಮೇಲೆ, ಅದರ ಬಗ್ಗೆ ಮಾತ್ರ ನೀವು ಏನೂ ಕೇಳೇ ಇಲ್ಲ!

ಮೊದಲು ಸೋರೋ ವಿಷಯ. ನಮ್ಮ ಮನೆಗಳಲ್ಲಿ ಬೇಸಿಗೆಗೆ ತರ್ತಿದ್ದ ಹೂಜಿ ಯಾಕೆ ನೀರು ತಂಪು ಮಾಡ್ತಿತ್ತು ಅಂದ್ರೆ ಅದು ಸೂಕ್ಷ್ಮವಾಗಿ ಬೆವರ್ತಿತ್ತು, ಆ ಬೆವರು ಆವಿಯಾಗ್ತಾ ಶಾಖ ಎಳ್ಕೊಂಡು ಹೋಗ್ತಿತ್ತು. ನಿಮ್ಮ ಕಪ್ಪು ಮಡಕೆ ಕತೆನೂ ಅದೇ. ನಾವು ದಿನಾ ಊಟ ಮಾಡೋ ಪಿಂಗಾಣಿ ತಟ್ಟೆ 1,200 ಡಿಗ್ರಿ ಸೆಲ್ಸಿಯಸ್‌ಗಿಂತ ಮೇಲೆ ಸುಟ್ಟಿರ್ತಾರೆ, ಆ ಶಾಖದಲ್ಲಿ ಮಣ್ಣಿನ ಒಂದು ಭಾಗ ಕರಗಿ ಗಾಜಿನ ತರ ಆಗಿ ತೂತುಗಳೆಲ್ಲ ಮುಚ್ಕೊಳತ್ತೆ. ಚೆರೊಕೀ ಕುಂಬಾರ್ತಿಯರು ಸಾಂಪ್ರದಾಯಿಕವಾಗಿ ಸುಡೋದು ಗೂಡಲ್ಲಿ ಅಲ್ಲ, ನೆಲದ ಮೇಲೆ ಅಥವಾ ತೆಗ್ಗಲ್ಲಿ, ಕಟ್ಟಿಗೆ ಒಟ್ಟಿ. ಅಲ್ಲಿ ಸಿಗೋ ಶಾಖ ಹೆಚ್ಚುಕಮ್ಮಿ 600ರಿಂದ 900 ಡಿಗ್ರಿ. ಅಷ್ಟಕ್ಕೆ ಮಣ್ಣು ಗಟ್ಟಿಯಾಗತ್ತೆ, ನೀರು ಹಾಕಿದ್ರೆ ಮತ್ತೆ ಕೆಸರಾಗಲ್ಲ, ಆದ್ರೆ ಗಾಜಾಗಲ್ಲ. ಹಾಗಾಗಿ ತಟ್ಟಿದ್ರೆ ಟಣ್ ಅನ್ನಲ್ಲ, ಟಪ್ ಅನ್ನತ್ತೆ. ನಿಮ್ಮ ಭಾವ ಹೇಳಿದ್ದು ಪಿಂಗಾಣಿಗೆ ಸರಿ, ಇದಕ್ಕೆ ಅಲ್ಲ. ಸರಿಯಾಗಿ ಯೋಚನೆ ಮಾಡಿದ್ರೆ ಫ್ಯಾಕ್ಟರಿ ಪಿಂಗಾಣಿ ಆಗಿದ್ರೆ ಟಣ್ ಅಂತಿತ್ತು, ಸೋರ್ತಾನೂ ಇರ್ಲಿಲ್ಲ.

ಇನ್ನೊಂದು ವಿಷಯ, ಆ ಮಡಕೆ ಸೋರೋ ಹಾಗಿರೋದು ಕೆಲಸ ಬರದೆ ಅಲ್ಲ. ಜಿಗುಟು ಮಣ್ಣಿಗೆ ಮರಳೋ ಪುಡಿ ಮಾಡಿದ ಕಲ್ಲೋ ಬೆರೆಸ್ತಾರೆ. ಬರೀ ನುಣ್ಣನೆ ಮಣ್ಣಲ್ಲಿ ಮಾಡಿದ ಮಡಕೆ ನೇರ ಬೆಂಕಿಗೆ ಇಟ್ಟ ತಕ್ಷಣ ಸೀಳತ್ತೆ, ಹರಳು ಬೆರೆತ, ಸ್ವಲ್ಪ ತೂತುತೂತಾದ ಗೋಡೆ ಇದ್ರೆ ಶಾಖಕ್ಕೆ ಹಿಗ್ಗೋದು ಕುಗ್ಗೋದು ತಡ್ಕೊಳತ್ತೆ, ಸಣ್ಣ ಬಿರುಕು ಎದ್ರೂ ಹರಳಿಗೆ ತಾಗಿ ಅಲ್ಲೇ ನಿಲ್ಲತ್ತೆ. ಹಳೇ ಕಾಲದಲ್ಲಿ ಆ ಮಡಕೆಗಳು ಅಡುಗೆಗೆ, ಜೋಳದ ಗಂಜಿ ಕುದಿಸೋಕೆ. ನಾಲ್ಕು ಸಲ ಗಂಜಿ ಕುದ್ದ ಮೇಲೆ ಗಂಜಿನೇ ತೂತಿಗೆ ಹೊಕ್ಕು ಸೋರಿಕೆ ನಿಲ್ಲಿಸ್ತಿತ್ತು. ನಿಮ್ಮದು ಅಡುಗೆ ನೋಡದ, ನೋಡೋಕೆ ಅಂತ ಮಾಡಿದ ಮಡಕೆ, ಅದಕ್ಕೆ ಸೋರಿದೆ. ಬೆಳಕಿಗೆ ಹಿಡಿದು ನೋಡಿ, ಅಲ್ಲಲ್ಲಿ ಮಿಣಮಿಣ ಅನ್ನೋ ಚುಕ್ಕೆ ಕಂಡ್ರೆ ಅದು ಅಭ್ರಕ, ಪಶ್ಚಿಮ ನಾರ್ತ್ ಕೆರೊಲಿನಾದ ಮಣ್ಣಲ್ಲಿ ಧಾರಾಳ. ಆ ಸೀಮೆ ಮಣ್ಣು ಸಾಮಾನ್ಯದ್ದಲ್ಲ ಬಿಡಿ, 1767ರಲ್ಲಿ ಇಂಗ್ಲೆಂಡಿನ ಹೆಸರಾಂತ ಪಿಂಗಾಣಿ ತಯಾರಕ ಜೊಸಾಯಾ ವೆಡ್ಜ್‌ವುಡ್ ಚೆರೊಕೀಗಳ ನಾಡಿನ ಬಿಳಿ ಮಣ್ಣಿಗೋಸ್ಕರ ಥಾಮಸ್ ಗ್ರಿಫಿತ್ಸ್ ಅನ್ನೋನ್ನ ಸಮುದ್ರ ದಾಟಿಸಿ ಕಳಿಸಿದ್ದ, ಆತ ಸುಮಾರು ಐದು ಟನ್ ಮಣ್ಣು ಹೊತ್ಕೊಂಡು ಹೋದ.

ಕಂದು ಮಚ್ಚೆ ಯಾಕೆ ಅಂದ್ರೆ, ಆ ಕಪ್ಪು ಬಣ್ಣ ಪೇಂಟ್ ಅಲ್ಲ, ಹೊಗೆ. ಮಡಕೆ ಹಸಿ ಆರ್ತಾ ಬಂದಾಗ, ಚರ್ಮದಷ್ಟು ಗಟ್ಟಿ ಆದಾಗ, ಹೊಳೆಯ ನುಣುಪು ಕಲ್ಲಲ್ಲಿ ಗಂಟೆಗಟ್ಟಲೆ ಉಜ್ಜಿ ಹೊಳಪು ತರ್ತಾರೆ. ಆಮೇಲೆ ಪೂರ್ತಿ ಒಣಗಿಸಿ, ಬೆಂಕಿ ಹತ್ರ ಇಟ್ಟು ನಿಧಾನ ಬಿಸಿ ಮಾಡಿ (ಒಳಗೆ ತೇವ ಉಳಿದಿದ್ರೆ ಅದು ಆವಿಯಾಗಿ ಮಡಕೆನೇ ಸಿಡಿದು ಹೋಗತ್ತೆ), ಕೊನೆಗೆ ಕೆಂಡದೊಳಗೆ ಬೋರಲು ಹಾಕಿ ತೊಗಟೆ, ಜೋಳದ ದಂಟು ತರದ್ದು ಸುರಿದು ಗಾಳಿ ಕಟ್ ಮಾಡ್ತಾರೆ. ಆಮ್ಲಜನಕ ಸಿಗದೆ ಹೊಗೆಯ ಇಂಗಾಲ ಮಣ್ಣಿನ ತೂತುಗಳಿಗೆ ಇಳಿದು ಕೂರತ್ತೆ, ಮಡಕೆ ಕಪ್ಪಾಗತ್ತೆ. ಎಲ್ಲಿ ಒಂದು ಕಟ್ಟಿಗೆ ಜಾರಿ ಗಾಳಿ ನುಗ್ತೋ ಅಲ್ಲಿ ಇಂಗಾಲ ಉರಿದು ಹೋಗಿ ಮಣ್ಣಿನ ಸ್ವಂತ ಬಣ್ಣ, ಕಂದೋ ಕೆಂಪೋ, ಹೊರಗೆ ಬರತ್ತೆ. ಬಿಗ್ ಕೋವ್ ಅನ್ನೋ ಹಟ್ಟಿಯ ಅಮಾಂಡಾ ಸ್ವಿಮ್ಮರ್ (1921-2018) ಅಂತ ದೊಡ್ಡ ಕುಂಬಾರ್ತಿ ಇದ್ರು, ಯಾವ ಕಟ್ಟಿಗೆ ಹಾಕಿದ್ರೆ ಯಾವ ಬಣ್ಣ ಬರತ್ತೆ ಅನ್ನೋದು ಅವರಿಗೆ ಕರತಲಾಮಲಕ, ಆದ್ರೂ ಬೆಂಕಿ ಅನ್ನೋದು ಪೂರ್ತಿ ಯಾರ ಮಾತೂ ಕೇಳಲ್ಲ. ಒಂದೇ ಸಮ ಕಪ್ಪಾಗಿ, ಒಂದರಂತೆ ಇನ್ನೊಂದು ಇದ್ದು, ಅಂಗಡಿ ಶೆಲ್ಫಲ್ಲಿ ಇಪ್ಪತ್ತು ಸಾಲಾಗಿ ನಿಂತಿದ್ರೆ ನಾನಾದ್ರೆ ಅದನ್ನ ಅನುಮಾನದಿಂದ ನೋಡ್ತೀನಿ.

ಈಗ ನಿಮ್ಮ ನಿಜವಾದ ಪ್ರಶ್ನೆ, ಸ್ಕೂಲಲ್ಲಿ ಕಲಿತು ಮಷೀನ್ ಬಳಸಿದ್ರೆ ಅದು ಸಾಂಪ್ರದಾಯಿಕ ಹೇಗೆ. ಇದಕ್ಕೆ ಸ್ವಲ್ಪ ಹಿಂದೆ ಹೋಗ್ಬೇಕು, ಬೇಜಾರು ಮಾಡ್ಕೋಬೇಡಿ. ಆ ಬೆಟ್ಟಗಳಲ್ಲಿ ಮಡಕೆ ಮಾಡೋದು ಸುಮಾರು 3,000 ವರ್ಷ ಹಳೇದು. ತಿಗರಿ ಇಲ್ಲ, ಮಣ್ಣನ್ನ ಹಗ್ಗದ ತರ ಹೊಸೆದು ಸುತ್ತು ಮೇಲೆ ಸುತ್ತು ಏರಿಸಿ, ಬೆರಳಲ್ಲಿ ಬೆಸೆದು, ಕೆತ್ತನೆ ಮಾಡಿದ ಮರದ ಹಲಗೆಯಲ್ಲಿ ಹೊರಗಿಂದ ತಟ್ಟೋದು. ಹಲಗೆ ಮೇಲಿನ ಕೆತ್ತನೆ ಹಸಿ ಮಣ್ಣಿಗೆ ಅಚ್ಚಾಗತ್ತೆ. ಅಂದ್ರೆ ಮರಗೆತ್ತನೆ ಮತ್ತು ಮಡಕೆ ಅಲ್ಲಿ ಬೇರೆ ಬೇರೆ ವಿದ್ಯೆನೇ ಅಲ್ಲ, ಹಲಗೆ ಕೆತ್ತೋಕೆ ಬಂದ್ರೇನೇ ಮಡಕೆಗೆ ಅಲಂಕಾರ. ನಿಮ್ಮ ಕಲಾವಿದೆ ಎರಡೂ ಮಾಡ್ತಾರೆ ಅಂದಾಗ ನನಗೆ ಆಶ್ಚರ್ಯ ಆಗ್ಲಿಲ್ಲ.

ಆಮೇಲೆ 1838 ಬಂತು. ಅಮೆರಿಕ ಸರ್ಕಾರ ಸೈನ್ಯ ಕಳಿಸಿ ಸುಮಾರು 16,000 ಚೆರೊಕೀಗಳನ್ನ ಅವರ ಊರುಗಳಿಂದ ಎಬ್ಬಿಸಿ ಈಗಿನ ಒಕ್ಲಹೋಮಾಕ್ಕೆ ಅಟ್ಟಿತು, ದಾರಿಯಲ್ಲಿ, ಶಿಬಿರಗಳಲ್ಲಿ ಸತ್ತೋರು ಸುಮಾರು 4,000 ಅಂತ ಲೆಕ್ಕ. ಬೆಟ್ಟದಲ್ಲಿ ಉಳ್ಕೊಂಡ ಸಣ್ಣ ಗುಂಪಿನ ಮಕ್ಕಳು ಮೊಮ್ಮಕ್ಕಳೇ ಈಗಿನ ಈಸ್ಟರ್ನ್ ಬ್ಯಾಂಡ್ ಅನ್ನೋ ಚೆರೊಕೀ ಪಂಗಡ, ಅವರದ್ದೇ ಸರ್ಕಾರ ಇದೆ, ನೀವು ಹೋಗಿದ್ದ ಊರು ಅವರದ್ದು, ಕ್ವಾಲಾ ಬೌಂಡರಿ ಅನ್ನೋ ಅವರ ಸುಮಾರು 57,000 ಎಕರೆ ನೆಲದೊಳಗೆ. ಒಕ್ಲಹೋಮಾಕ್ಕೆ ಹೋದೋರ ವಂಶದವರು ಬೇರೆ, ಅಲ್ಲಿ ಚೆರೊಕೀ ನೇಷನ್ ಮತ್ತು ಯುನೈಟೆಡ್ ಕೀಟೂವಾ ಬ್ಯಾಂಡ್ ಅಂತ ಇನ್ನೆರಡು ಸರ್ಕಾರಗಳಿವೆ. ಇಷ್ಟೆಲ್ಲ ಆದ್ಮೇಲೆ, ಕಬ್ಬಿಣದ ಪಾತ್ರೆ ಅಂಗಡಿಯಲ್ಲಿ ಸಿಗೋ ಕಾಲದಲ್ಲಿ, ಮಡಕೆ ಮಾಡೋರು ಎಷ್ಟು ಜನ ಉಳಿದಾರು? ಬೆರಳೆಣಿಕೆ. ಆಗ ಪಕ್ಕದ ಸೌತ್ ಕೆರೊಲಿನಾದ ಕಟಾಬಾ ಜನರಿಂದ ಮದುವೆಯಾಗಿ ಬಂದ ಕುಂಬಾರ್ತಿಯರು ತಮ್ಮ ಕೈಚಳಕ ತಂದ್ರು, ಉಜ್ಜಿ ಹೊಳಪು ಕೊಟ್ಟು ಹೊಗೆಯಲ್ಲಿ ಕಪ್ಪು ಮಾಡಿದ ಮಡಕೆ ಆವಾಗಿಂದ ಹೆಚ್ಚು ಚಾಲ್ತಿಗೆ ಬಂತು, ಪ್ರವಾಸಿಗಳಿಗೂ ಅದೇ ಇಷ್ಟ ಆಯ್ತು. ನಿಮ್ಮ ಕಪ್ಪು ಮಡಕೆ ಆ ಸಾಲಿಂದು. ಹಾಗಂತ ಅದು ಚೆರೊಕೀ ಅಲ್ವಾ ಅಂದ್ರೆ, ನೂರು ವರ್ಷಕ್ಕಿಂತ ಹೆಚ್ಚು ಕಾಲ ಬಿಗ್‌ಮೀಟ್ ಮನೆತನದಂಥೋರು ತಾಯಿಯಿಂದ ಮಗಳಿಗೆ ದಾಟಿಸಿದ್ದನ್ನ ಅಲ್ಲ ಅನ್ನೋಕೆ ನಾನ್ಯಾರು. ಅದೇ ಮನೆತನದ ಜೋಯೆಲ್ ಕ್ವೀನ್ ಇವತ್ತು ಮಡಕೆ, ಮರ, ಕಲ್ಲು ಎಲ್ಲದರಲ್ಲೂ ಕೆಲಸ ಮಾಡ್ತಾರೆ. ಹಲಗೆ ಅಚ್ಚಿನ ತೆಳು ಗೋಡೆಯ ಹಳೇ ಮಡಕೆ ಇದೆಯಲ್ಲ, ಅದು ಬಹುತೇಕ ಮರೆತೇ ಹೋಗಿತ್ತು, 2000ರ ದಶಕದ ಶುರುವಲ್ಲಿ ಊರಿನ ಕುಂಬಾರರೇ ಸೇರಿ ಹಳೇ ಚೂರುಗಳನ್ನ ನೋಡಿ ನೋಡಿ ಮತ್ತೆ ಕಲಿತ್ರು.

ಒಕ್ಲಹೋಮಾ ಕಡೆ ಇನ್ನೂ ಸ್ವಾರಸ್ಯ. ಅಲ್ಲಿ ಈ ವಿದ್ಯೆ ಹೆಚ್ಚುಕಮ್ಮಿ ನಿಂತೇ ಹೋಗಿತ್ತು. 1960ರ ದಶಕದ ಕೊನೆಗೆ ಆನಾ ಮಿಚೆಲ್ (1926-2012) ಅನ್ನೋ ಗೃಹಿಣಿ, ಗಂಡನಿಗೆ ಚೆರೊಕೀ ಲಿಪಿ ಕಂಡುಹಿಡಿದ ಸಿಕ್ವೋಯಾ ಸೇದ್ತಿದ್ದಂಥ ಮಣ್ಣಿನ ಪೈಪ್ ಮಾಡಿಕೊಡೋಣ ಅಂತ ಮನೆ ಹೊಂಡದ ಮಣ್ಣು ತಗೊಂಡು ಕೂತ್ರು. ಹೇಳಿಕೊಡೋಕೆ ಯಾರೂ ಇಲ್ಲ, ಮ್ಯೂಸಿಯಂಗಳಲ್ಲಿ ಹಳೇ ಮಡಕೆ ನೋಡೋದು, ಬಂದು ಮಾಡೋದು, ಒಡೆಯೋದು. ಹಾಗೆ ಶುರುವಾಗಿದ್ದು ಅಲ್ಲಿನ ಇಡೀ ಪುನರುಜ್ಜೀವನ, ಅವರ ಶಿಷ್ಯೆ ಜೇನ್ ಓಸ್ಟಿ, ಮಗಳು ವಿಕ್ಟೋರಿಯಾ ಇಬ್ಬರೂ ಹೆಸರಾದ ಕಲಾವಿದೆಯರು.

ಕೆತ್ತನೆಗೆ ಬಂದ್ರೆ ಸ್ಕೂಲೇ ಗುರುಕುಲ. ಚೆರೊಕೀ ಊರಿನ ಹೈಸ್ಕೂಲಲ್ಲಿ ಮೊದಲು ಗೋಯಿಂಗ್ ಬ್ಯಾಕ್ ಚಿಲ್ಟಾಸ್ಕಿ (1907-2000) ಕಲಿಸ್ತಿದ್ರು, ಆಮೇಲೆ ಅಮಾಂಡಾ ಕ್ರೋ (1928-2004). ಈಕೆ ಓದಿದ್ದು ಆರ್ಟ್ ಇನ್‌ಸ್ಟಿಟ್ಯೂಟ್ ಆಫ್ ಶಿಕಾಗೋದಲ್ಲಿ, ಮೆಕ್ಸಿಕೋದಲ್ಲೂ ಕಲಿತು ಬಂದು 1953ರಿಂದ ಹತ್ತತ್ರ ನಲವತ್ತು ವರ್ಷ ಊರಿನ ಮಕ್ಕಳಿಗೆ ಕೆತ್ತನೆ ಹೇಳಿಕೊಟ್ರು. ಅವರ ಕರಡಿಗಳನ್ನ ನೋಡಿದ್ರೆ ಗೊತ್ತಾಗತ್ತೆ, ವಾಲ್‌ನಟ್, ಚೆರ್ರಿ, ಬಕ್‌ಐ ಮರದ ನಾರಿನ ಗೆರೆ ಕರಡಿಯ ಬೆನ್ನಿನ ಉಬ್ಬಿನ ಜೊತೆಗೇ ಓಡತ್ತೆ. ಇವತ್ತು ಅಲ್ಲಿ ಕೆತ್ತೋರಲ್ಲಿ ಬಹಳ ಜನ ಅವರ ವಿದ್ಯಾರ್ಥಿಗಳು ಇಲ್ಲಾ ವಿದ್ಯಾರ್ಥಿಗಳ ವಿದ್ಯಾರ್ಥಿಗಳು. ಹಾಗಾಗಿ "ಸ್ಕೂಲಲ್ಲಿ ಕಲಿತೆ" ಅಂದ್ರೆ ಅಲ್ಲಿ ಅದು ಪರಂಪರೆ ಮುರಿದಿದ್ದಲ್ಲ, ಪರಂಪರೆ ಬಂದ ದಾರಿನೇ ಅದು. ಒರಟಾಗಿ ಮರ ತೆಗೆಯೋಕೆ ಕರೆಂಟ್ ಮಷೀನ್ ಹಿಡಿದ್ರೆ ಏನು ಕಳೆದುಹೋಯ್ತು? ಕಬ್ಬಿಣದ ಉಳಿ ಬಂದಾಗ ಕಲ್ಲಿನ ಉಳಿ ಬಿಟ್ರಲ್ಲ. ಮುಚ್ಚಿಡದೆ ನಿಮ್ಮ ಮುಖಕ್ಕೇ ಹೇಳಿದಾರೆ ಅಂದ್ರೆ ನನಗೆ ಆಕೆ ಮೇಲೆ ನಂಬಿಕೆ ಜಾಸ್ತಿನೇ ಆಗತ್ತೆ. ಬೆಟ್ಟದ ಮೇಲಿನ ಗುಡಿಸಲಲ್ಲಿ ಅಜ್ಜಿ ಕಲ್ಲುಚಾಕುವಲ್ಲಿ ಕೆತ್ತಿದ್ದು ಅಂತ ಕತೆ ಹೇಳಿ ಮಾರೋರ ಬಗ್ಗೆ ಹುಷಾರಾಗಿರಿ.

ಅತ್ತೆಯವರ ಚಿಂತೆಗೆ ಉತ್ತರ. ನಿಮ್ಮ ಮುಖವಾಡಕ್ಕೆ ಉಬ್ಬಿದ ಹಣೆ, ವಿಚಿತ್ರ ಮೂಗು ಇದ್ರೆ ಅದು ಬಹುಶಃ ಬೂಗರ್ ಮುಖವಾಡ. ಅದು ದೇವರೂ ಅಲ್ಲ, ಪೂಜೆಗೆ ಇಡೋದೂ ಅಲ್ಲ. ಚಳಿಗಾಲದಲ್ಲಿ ಮೊದಲ ಹಿಮ ಬಿದ್ದ ಮೇಲೆ ಆಡ್ತಿದ್ದ ಬೂಗರ್ ಕುಣಿತದಲ್ಲಿ ಮುಖವಾಡ ಹಾಕ್ಕೊಂಡ ಗಂಡಸರು ಗುಂಪಾಗಿ ಮನೆಯೊಳಗೆ ನುಗ್ತಾರೆ, ದೂರದೇಶದಿಂದ ಬಂದೋರು ಅಂತಾರೆ, ಬಾಯಿಗೆ ಬಂದ ಪೋಲಿ ಹೆಸರು ಹೇಳ್ಕೊತಾರೆ, ಏನು ಬೇಕಪ್ಪಾ ಅಂದ್ರೆ ಹೆಣ್ಣು ಬೇಕು, ಜಗಳ ಬೇಕು ಅಂತಾರೆ, ಬೀಳ್ತಾ ಏಳ್ತಾ ಕುಣಿದು ಎಲ್ಲರನ್ನೂ ನಗಿಸಿ ಹೆದರಿಸಿ ಹೋಗ್ತಾರೆ. ಯುರೋಪಿಯನ್ನರು, ಹೊರಗಿಂದ ಬಂದ ಇತರರು, ಹೀಗೆ ಪರಕೀಯರ ಅಣಕ ಅದು. ನಮ್ಮ ಕಡೆ ಸೋಗು ಹಾಕ್ತಾರಲ್ಲ, ಆ ಗುಣ. ಕುಣಿತಕ್ಕೆ ಸೋರೆಬುರುಡೆಯಲ್ಲಿ, ಕಣಜದ ಗೂಡಲ್ಲೂ ಮುಖವಾಡ ಮಾಡ್ತಿದ್ರು, ಮರಕ್ಕೆ ಹೆಚ್ಚಾಗಿ ಬಕ್‌ಐ. ಬಿಗ್ ಕೋವ್‌ನ ವಿಲ್ ವೆಸ್ಟ್ ಲಾಂಗ್ (1870-1947) ಕೆತ್ತಿದ ಮುಖವಾಡಗಳು ಈಗ ಮ್ಯೂಸಿಯಂಗಳಲ್ಲಿವೆ, ಆ ಕುಣಿತದ ವಿವರ ಇವತ್ತಿಗೂ ಉಳಿದಿರೋದಕ್ಕೆ ಅವರದ್ದೇ ದೊಡ್ಡ ಪಾಲು. ಮಾರೋಕೆ ಅಂತ ಕೆತ್ತಿ, ತಾನೇ ನಿಂತು ಮಾರಿದ ಮುಖವಾಡ ಮನೆಯಲ್ಲಿ ಇಟ್ರೆ ಯಾರಿಗೂ ಅಪಚಾರ ಆಗಲ್ಲ. ಅವರು ಮಾರಬಾರದ್ದನ್ನ ಮಾರಲ್ಲ, ಆ ವಿಷಯದಲ್ಲಿ ಈಗ ಬಹಳ ಖಡಕ್ಕಾಗಿದಾರೆ, ಅಲ್ಲಿನ ಮ್ಯೂಸಿಯಂ 2023ರಲ್ಲಿ ಹೆಸರು ಬದಲಿಸಿಕೊಂಡ ಹೊತ್ತಲ್ಲೇ ಸಮಾಧಿಗಳಿಂದ ಬಂದ ವಸ್ತುಗಳನ್ನ ಪ್ರದರ್ಶನದಿಂದ ತೆಗೆದು ಈಗಿನ ಕಲಾವಿದರ ಕೆಲಸ ಇಟ್ಟಿತು. ಅಷ್ಟಾದ್ರೂ ಅತ್ತೆಗೆ ಕಸಿವಿಸಿ ಅಂದ್ರೆ ನಿಮ್ಮ ರೂಮಲ್ಲಿ ಹಾಕ್ಕೊಳ್ಳಿ, ಅದಕ್ಕೆ ತಜ್ಞರ ಸಲಹೆ ಬೇಕಿಲ್ಲ.

ಅಸಲಿ ನಕಲಿ ಕಂಡುಹಿಡಿಯೋದು ಹೇಗೆ ಅಂದ್ರೆ, ವಸ್ತು ನೋಡಿ ಅಲ್ಲ, ಮಾಡಿದ್ದು ಯಾರು ಅಂತ ಕೇಳಿ. ಅಮೆರಿಕದಲ್ಲಿ 1990ರ ಇಂಡಿಯನ್ ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಕಾಯ್ದೆ ಪ್ರಕಾರ ಬುಡಕಟ್ಟಿನ ಸದಸ್ಯರಲ್ಲದವರು, ಆ ಬುಡಕಟ್ಟಿನಿಂದ ಪ್ರಮಾಣಪತ್ರ ಇಲ್ಲದವರು ಮಾಡಿದ್ದನ್ನ ಬುಡಕಟ್ಟಿನವರದ್ದು ಅಂತ ಮಾರೋದು ಅಪರಾಧ. ಮೊದಲ ಸಲ ಸಿಕ್ಕಿಬಿದ್ದ ವ್ಯಕ್ತಿಗೆ ಗರಿಷ್ಠ 2,50,000 ಡಾಲರ್ ದಂಡ ಅಥವಾ ಐದು ವರ್ಷ ಜೈಲು, ಎರಡೂ ಆಗಬಹುದು. ಕಲಾವಿದರ ಸೊಸೈಟಿ ಅಂದಿದೀರಿ, ಆ ಊರಲ್ಲಿ ಅಂಥದ್ದು ಅಂದ್ರೆ 1946ರಲ್ಲಿ ಶುರುವಾದ ಕ್ವಾಲಾ ಆರ್ಟ್ಸ್ ಅಂಡ್ ಕ್ರಾಫ್ಟ್ಸ್ ಮ್ಯೂಚುಯಲ್, ಅದಕ್ಕೆ ಸೇರೋಕೆ ಈಸ್ಟರ್ನ್ ಬ್ಯಾಂಡ್ ಸದಸ್ಯರಾಗಿರಬೇಕು, ಕೆಲಸನೂ ಪರೀಕ್ಷೆ ಪಾಸಾಗಬೇಕು. ಅಲ್ಲಿಂದ ತಂದಿದ್ರೆ ಬಿಲ್ಲು, ಕಲಾವಿದೆ ಹೆಸರಿರೋ ಚೀಟಿ ಇವನ್ನ ಹುಡುಕಿ ಒಂದು ಕವರಲ್ಲಿ ಹಾಕಿಡಿ. ಮಡಕೆಗಿಂತ ಮುಂಚೆ ಕಳೆದುಹೋಗೋದು ಅದೇ.

ತಳದ ಇಂಗ್ಲಿಷ್ ಬಗ್ಗೆ ಭಾವನವರಿಗೆ ಹೇಳಿ, ಅದು ಇಂಗ್ಲಿಷ್ ಅಲ್ಲ. ಸಿಕ್ವೋಯಾ 1821ರ ಹೊತ್ತಿಗೆ ಪೂರ್ತಿ ಮಾಡಿದ ಲಿಪಿಯಲ್ಲಿ ಈಗ ಬಳಕೆಯಲ್ಲಿರೋ 85 ಅಕ್ಷರಗಳಿವೆ, ಕೆಲವು ನೋಡೋಕೆ ರೋಮನ್ ತರ, ಉಚ್ಚಾರಣೆ ಬೇರೆ. ಜಿ, ಡಬ್ಲ್ಯು, ವೈ ತರ ಕಾಣೋ ಆ ಮೂರು ಸೇರಿದ್ರೆ ತ್ಸಲಗಿ, ಅಂದ್ರೆ ಚೆರೊಕೀ. ಆದ್ರೆ ಅದೊಂದೇ ಸಾಕ್ಷಿ ಅಂದ್ಕೋಬೇಡಿ, ಅಗ್ಗದ ಟೀ ಶರ್ಟ್ ಮೇಲೂ ಅದನ್ನ ಹಾಕ್ತಾರೆ. ಪಕ್ಕದಲ್ಲಿ ಇನ್ನೇನೋ ಗೀಚಿದೆಯಾ ನೋಡಿ, ಅದು ಕಲಾವಿದೆ ಹೆಸರಿರಬಹುದು. ಒಳಗೆ ಕೈ ಹಾಕಿ ಬೆರಳಲ್ಲಿ ಸವರಿ: ಗೋಡೆ ಅಲ್ಲಲ್ಲಿ ಸಣ್ಣಗೆ ಉಬ್ಬುತಗ್ಗು, ಬೆರಳು ಒತ್ತಿದ ಗುಳಿ ಸಿಕ್ಕಿದ್ರೆ ಕೈಯಲ್ಲಿ ಸುತ್ತಿ ಏರಿಸಿದ್ದು, ಸಮನಾದ ಉಂಗುರ ಉಂಗುರ ಗೆರೆ ಸಿಕ್ಕಿದ್ರೆ ತಿಗರಿ ಮೇಲೆ ಆಗಿದ್ದು.

ಮತ್ತೆ ಆ ಟೋಟೆಮ್ ಕಂಬ. ಟೋಟೆಮ್ ಕಂಬಗಳು ಅಲಾಸ್ಕಾ, ಕೆನಡಾದ ಪಶ್ಚಿಮ ಕರಾವಳಿಯ ಹೈಡಾ, ಟ್ಲಿಂಗಿಟ್ ತರದ ಜನರದ್ದು, ಚೆರೊಕೀಗಳಿಗೂ ಅದಕ್ಕೂ ಸಂಬಂಧನೇ ಇಲ್ಲ, ಖಂಡದ ಆ ತುದಿ ಈ ತುದಿ. ಹಾಗೇ ತಲೆ ತುಂಬ ಗರಿಯ ಕಿರೀಟ, ಚರ್ಮದ ಟೀಪೀ ಡೇರೆ ಎಲ್ಲ ಬಯಲು ಸೀಮೆಯ ಬುಡಕಟ್ಟುಗಳದ್ದು. ಸಿನಿಮಾ ನೋಡಿ ಬಂದ ಪ್ರವಾಸಿಗಳು ಅದನ್ನೇ ಕೇಳ್ತಿದ್ರು, ಹಾಗಾಗಿ ಚೆರೊಕೀ ಊರಿನ ರಸ್ತೆ ಬದಿಯಲ್ಲಿ ಸ್ಥಳೀಯರೇ ಆ ಗರಿ ಕಿರೀಟ ಹಾಕ್ಕೊಂಡು ಫೋಟೊಗೆ ನಿಂತು ಹೊಟ್ಟೆ ಹೊರೆದಿದ್ದೂ ಉಂಟು, ಅವರನ್ನ ಆಡ್ಕೊಳ್ಳೋ ಹಾಗಿಲ್ಲ. ನಿಮ್ಮ ಕಂಬದ ತಳ ನೋಡಿ, ಬೇರೆ ದೇಶದಲ್ಲಿ ಮಾಡಿದ್ದು ಅನ್ನೋ ಸ್ಟಿಕ್ಕರ್ ಇದ್ರೆ, ಇಲ್ಲಾ ಅದನ್ನ ಕಿತ್ತ ಗುರುತಿದ್ರೆ ಅದೇ ಉತ್ತರ. ಮಗನ ಆಟಕ್ಕೆ ಇರ್ಲಿ, ಚೆರೊಕೀದು ಅಂತ ಮಾತ್ರ ಹೇಳಿಕೊಡಬೇಡಿ.

ಈಗ ಮಾಡೋದೇನು. ಮಡಕೆಗೆ ಇನ್ಮೇಲೆ ನೀರು ಹಾಕ್ಬೇಡಿ. ಹೂ ಇಡಲೇಬೇಕು ಅಂದ್ರೆ ಒಳಗೆ ಒಂದು ಗಾಜಿನ ಲೋಟ ಇಳಿಸಿ ಅದರಲ್ಲಿ ಇಡಿ, ಇದರಲ್ಲಿ ಅಪಾಯ ಏನೂ ಇಲ್ಲ, ನಾನು ಹೇಳೋದು ಇದನ್ನೇ. ಯೂಟ್ಯೂಬ್ ನೋಡಿ ಒಳಗೆ ಎಪಾಕ್ಸಿ ಹೊಯ್ಯೋದು, ವಾರ್ನಿಶ್ ಬಳಿಯೋದು ಮಾಡಿದ್ರೆ ಸೋರೋದು ನಿಲ್ಲಬಹುದು, ಆದ್ರೆ ಅದನ್ನ ಯಾವತ್ತೂ ವಾಪಸ್ ತೆಗೆಯೋಕಾಗಲ್ಲ, ವರ್ಷ ಕಳೆದಂತೆ ಹಳದಿಯಾಗತ್ತೆ, ಗೋಡೆಯಲ್ಲಿ ಸಿಕ್ಕಿಹಾಕಿಕೊಂಡ ಉಪ್ಪು ಹೊರಗಿನ ಹೊಳಪನ್ನ ಪದರ ಪದರವಾಗಿ ಎಬ್ಬಿಸತ್ತೆ. ಮೇಣ ಕರಗಿಸಿ ಹಚ್ಚೋದು ಅದಕ್ಕಿಂತ ವಾಸಿ, ಆದ್ರೂ ಬಿಸಿ ಮಾಡುವಾಗ ಮಡಕೆ ಸೀಳೋ ಭಯ ಇದೆ, ಮೇಣ ಧೂಳು ಹಿಡಿಯತ್ತೆ. ಹೊರಗಿನ ಕಪ್ಪು ಮೈಗೆ ಕೊಬ್ಬರಿ ಎಣ್ಣೆ ಅಂತೂ ಬೇಡವೇ ಬೇಡ. ಗ್ಯಾಸ್ ಮೇಲೆ, ಮೈಕ್ರೋವೇವಲ್ಲಿ ಇಡೋದೂ ಬೇಡ.

ಬಿಳಿ ಪುಡಿ ಬೂಷ್ಟು ಅಲ್ಲ ಅಂತ ನನ್ನ ಅಂದಾಜು, ಅದು ಉಪ್ಪು. ಬೆಂಗಳೂರಿನ ಬೋರ್‌ವೆಲ್ ನೀರು ಗಡಸು, ಬಕೆಟ್ ಅಂಚಲ್ಲಿ ಬಿಳಿ ಗೆರೆ ಕಟ್ಟತ್ತಲ್ಲ ಅದೇ, ಗೋಡೆಯೊಳಗಿಂದ ನೀರು ಹೊರಗೆ ಬಂದು ಆರಿದಾಗ ಉಪ್ಪು ಮೇಲೆ ಉಳ್ಕೊಂಡಿದೆ. ಮಡಕೆನ ನೆರಳಲ್ಲಿ, ಗಾಳಿಯಾಡೋ ಕಡೆ, ಎರಡು ಮೂರು ವಾರ ಸುಮ್ನೆ ಒಣಗೋಕೆ ಬಿಡಿ, ಬಿಸಿಲಿಗೆ ಬೇಡ. ಆಮೇಲೆ ಮೆತ್ತನೆ ಬಣ್ಣದ ಬ್ರಷ್‌ನಲ್ಲಿ ಒಣ ಪುಡಿ ಹಾಗೇ ಸವರಿ ಉದುರಿಸಿ. ಬಟ್ಟೆಯಲ್ಲಿ ಉಜ್ಜಿದ್ರೆ ಉಪ್ಪಿನ ಹರಳೇ ಹೊಳಪನ್ನ ಗೀಚತ್ತೆ. ನಿಂಬೆಹಣ್ಣು, ವಿನಿಗರ್, ಹುಣಸೆಹಣ್ಣು ಹಾಕಿ ತೊಳೀಬೇಡಿ, ಹುಳಿ ಮಣ್ಣಿನೊಳಗೆ ಇಳಿದು ಇನ್ನಷ್ಟು ಉಪ್ಪು ಮಾಡತ್ತೆ. ಒಂದೆರಡು ತಿಂಗಳಲ್ಲಿ ಪುಡಿ ಮತ್ತೆ ಮತ್ತೆ ಬಂದ್ರೆ, ಹೊಳಪು ಸಿಪ್ಪೆ ಎದ್ದ ಹಾಗೆ ಕಂಡ್ರೆ, ಆಗ ಶುದ್ಧ ನೀರಲ್ಲಿ ನೆನೆಸಿ ಉಪ್ಪು ತೆಗೆಯೋ ವಿಧಾನ ಇದೆ, ಅದನ್ನ ಮನೆಯಲ್ಲಿ ಮಾಡಬೇಡಿ, ಕಡಿಮೆ ಶಾಖದಲ್ಲಿ ಸುಟ್ಟ ಮಡಕೆ ನೆನೆದು ಮೆತ್ತಗಾಗಬಹುದು, ಹಳೇ ವಸ್ತು ಸಂರಕ್ಷಣೆ ಮಾಡೋ ತಜ್ಞರ (ಕನ್ಸರ್ವೇಟರ್) ಹತ್ರ ತಗೊಂಡು ಹೋಗಿ.

ಮುಖವಾಡದ ಬಿರುಕಿಗೆ ಕಾರಣ ಹವೆ. ಮರ ಸತ್ತ ಮೇಲೂ ಗಾಳಿಯ ತೇವ ಹೀರ್ತಾ ಬಿಡ್ತಾ ಇರತ್ತೆ, ಉದ್ದಕ್ಕೆ ಅಷ್ಟಾಗಿ ಕುಗ್ಗಲ್ಲ, ಅಡ್ಡಕ್ಕೆ ಕುಗ್ಗತ್ತೆ, ಅದರಲ್ಲೂ ವರ್ಷದ ಉಂಗುರದ ಗುಂಟ ಕುಗ್ಗೋದು ತಿರುಳಿನ ಕಡೆ ಕುಗ್ಗೋದರ ಹತ್ತತ್ರ ಎರಡು ಪಟ್ಟು. ಈ ಎಳೆದಾಟದಲ್ಲಿ ಎಲ್ಲೋ ಒಂದು ಕಡೆ ಬಾಯಿ ಬಿಡಲೇಬೇಕು. ಸ್ಮೋಕಿ ಬೆಟ್ಟದ ತೇವದಿಂದ ಶಾರ್ಲಟ್ ಮನೆಯ ಹೀಟರ್‌ಗೆ, ಅಲ್ಲಿಂದ ನಮ್ಮ ಮಾರ್ಚ್ ಏಪ್ರಿಲ್ ಒಣಹವೆಗೆ ಬಂದಿದೆ, ಹಣೆಯಿಂದ ಮೂಗಿಗೆ ಬಿರುಕು ಅಂದ್ರೆ ನಾರಿನ ಗುಂಟವೇ ಬಂದಿದೆ, ಕೆತ್ತೋರ ತಪ್ಪಲ್ಲ. ಫೆವಿಕಾಲ್ ಮತ್ತು ಮರದ ಹೊಟ್ಟು ಕಲಸಿ ತುಂಬಿಸಬೇಡಿ, ಬಡಗಿಗಳು ಹೇಳೋದು ಅದನ್ನೇ ಮೊದಲು. ಮಳೆಗಾಲಕ್ಕೆ ಮರ ಹಿಗ್ಗಿದಾಗ ಬಿರುಕು ತಾನಾಗೇ ಮುಚ್ಕೊಳೋಕೆ ನೋಡತ್ತೆ, ಒಳಗೆ ಗಟ್ಟಿ ಬೆಣೆ ಇದ್ರೆ ಪಕ್ಕದಲ್ಲಿ ಹೊಸ ಬಿರುಕು ಏಳತ್ತೆ. ಒಂದು ವರ್ಷ ಸುಮ್ನೆ ಬಿಡಿ. ಪೆನ್ಸಿಲ್‌ನಲ್ಲಿ ಹಿಂಬದಿ ಬಿರುಕಿನ ತುದಿಗೆ ಸಣ್ಣ ಗುರುತು ಹಾಕಿ ತಾರೀಖು ಬರೆದಿಡಿ, ಗುರುತು ದಾಟಿ ಮುಂದೆ ಹೋಗ್ತಿದ್ರೆ ಆಗ ಯೋಚನೆ ಮಾಡೋಣ. ಬಿಸಿಲು ಬೀಳೋ ಗೋಡೆ, ಎಸಿ ಕೆಳಗೆ, ಅಡುಗೆಮನೆ ಪಕ್ಕ ಬೇಡ.

ಬಿರುಕಿಗಿಂತ ನನಗೆ ಹೆಚ್ಚು ಭಯ ಹುಳುವಿನದ್ದು. ಬಕ್‌ಐ ಮೆತ್ತನೆ ಮರ, ಮುಖವಾಡಕ್ಕೆ ಹುಬ್ಬು ಮೀಸೆಗೆ ಪ್ರಾಣಿ ಕೂದಲು ಅಂಟಿಸಿದ್ರೆ ಅದಕ್ಕೆ ನುಸಿನೂ ಬರತ್ತೆ. ಕೆಳಗೆ ಬಿಳಿ ಹಾಳೆ ಹಾಸಿ ವಾರ ನೋಡಿ, ಹಿಟ್ಟಿನಂಥ ಪುಡಿ ಬಿದ್ದಿದ್ರೆ ಹುಳು ಇದೆ. ಆಗ ಬೇವಿನೆಣ್ಣೆ, ಹಿಟ್ ಸ್ಪ್ರೇ ಏನೂ ಬೇಡ, ಬಣ್ಣ ಹಾಳಾಗತ್ತೆ. ಪಾಲಿಥೀನ್ ಚೀಲದಲ್ಲಿ ಗಾಳಿ ತೆಗೆದು ಬಿಗಿಯಾಗಿ ಸೀಲ್ ಮಾಡಿ ಮೈನಸ್ 18 ಡಿಗ್ರಿಗಿಂತ ಕೆಳಗಿರೋ ಡೀಪ್ ಫ್ರೀಜರಲ್ಲಿ ಎರಡು ವಾರ ಇಡೋದು ಮ್ಯೂಸಿಯಂಗಳಲ್ಲಿ ರೂಢಿಯಲ್ಲಿರೋ ವಿಧಾನ, ತೆಗೆದ ಮೇಲೂ ಚೀಲ ಒಂದು ದಿನ ಬಿಚ್ಚಬಾರದು. ಇದರಲ್ಲೂ ಅಪಾಯ ಇದೆ, ಬಿರುಕು ಬಿಟ್ಟ ಮರ, ದಪ್ಪ ಬಣ್ಣ ಇದ್ರೆ ಬಣ್ಣ ಏಳಬಹುದು.

ಮಗಳ ವಿಷಯ. ಹಲಗೆಯಲ್ಲಿ ತಟ್ಟೋ ವಿದ್ಯೆ ಯಾರೊಬ್ಬರ ಸ್ವತ್ತಲ್ಲ, ನಮ್ಮ ಕುಂಬಾರರೂ ತಿಗರಿಯಿಂದ ಇಳಿಸಿದ ಮಡಕೆಗೆ ಒಳಗೆ ಕಲ್ಲು ಹಿಡಿದು ಹೊರಗೆ ಹಲಗೆಯಲ್ಲಿ ತಟ್ಟಿ ಗೋಡೆ ತೆಳು ಮಾಡ್ತಾರೆ, ಅವಳನ್ನ ಒಂದ್ಸಲ ಅಂಥೋರ ಹತ್ರ ಕರ್ಕೊಂಡು ಹೋಗಿ ಕೂರಿಸಿ, ಕ್ಲಾಸಲ್ಲಿ ಸಿಗದ್ದು ಸಿಗತ್ತೆ. ಕಲಿಯೋಕೆ ಅಂತ ನಿಮ್ಮ ಮಡಕೆ ನೋಡಿ ನಕಲು ಮಾಡಿ ಮನೇಲಿಟ್ಕೊಂಡ್ರೆ ತಪ್ಪೇನಿಲ್ಲ. ಆದ್ರೆ ಇನ್‌ಸ್ಟಾದಲ್ಲಿ ಚೆರೊಕೀ ಅನ್ನೋ ಹೆಸರು ಹಾಕಿ ಮಾರೋದು ಬೇಡ, ಚೆರೊಕೀ ಸ್ಟೈಲ್ ಅಂತಾನೂ ಬೇಡ. ಅಮೆರಿಕದ ಗಿರಾಕಿ ತಗೊಂಡ್ರೆ ಆಗ ಹೇಳಿದ ಕಾಯ್ದೆ ಅಡಿ ತಕರಾರು ಬರೋ ಸಾಧ್ಯತೆ ಒಂದು ಕಡೆ, ಇನ್ನೊಂದು ಕಡೆ ಆ ಕಲಾವಿದೆ ಬದುಕ್ತಿರೋದೇ ಆ ಹೆಸರು ತನ್ನವರದ್ದು ಅನ್ನೋದರ ಮೇಲೆ, ಅಗ್ಗದ ನಕಲಿನ ಜೊತೆ ಅವರು ದಿನಾ ಗುದ್ದಾಡ್ತಿದಾರೆ. ಮಗಳೇ ಒಂದು ಹಲಗೆ ಕೆತ್ತಲಿ, ಅವಳದ್ದೇ ಡಿಸೈನು, ರಂಗೋಲಿಯೋ ಬಾಳೆಎಲೆ ನರವೋ ಏನೋ ಒಂದು, ಅದನ್ನ ಅವಳ ಹೆಸರಲ್ಲೇ ಮಾರಲಿ. ಹಲಗೆಗೆ ಗೆರೆ ಸ್ವಲ್ಪ ಆಳ ಮತ್ತು ಅಗಲ ಇರ್ಲಿ, ಸಣ್ಣ ಗೆರೆಯಲ್ಲಿ ಮಣ್ಣು ಮೆತ್ತಿಕೊಂಡು ಅಚ್ಚು ಬೀಳಲ್ಲ, ತಟ್ಟೋ ಮುಂಚೆ ಹಲಗೆ ಒದ್ದೆ ಮಾಡ್ಕೊಳ್ಳೋಕೆ ಹೇಳಿ.

ಮಡಕೆಯ ತಳ, ಒಳಮೈ, ಮುಖವಾಡದ ಹಿಂಬದಿ ಈ ಮೂರರ ಫೋಟೊ ಹಗಲು ಬೆಳಕಲ್ಲಿ, ಫ್ಲಾಶ್ ಹಾಕದೆ ತೆಗೆದು ಕಳಿಸಿ. ಹಾಳೆ ಮೇಲೆ ಪುಡಿ ಬಿದ್ದಿದ್ರೂ ಸರಿ, ಆ ಫೋಟೊ ನಾನು ನೋಡೋವರೆಗೆ ಮುಖವಾಡನ ಫ್ರೀಜರ್‌ಗೆ ಹಾಕ್ಬೇಡಿ, ಚೀಲದಲ್ಲಿ ಸೀಲ್ ಮಾಡಿ ಬೇರೆ ಮರದ ಸಾಮಾನಿಂದ ದೂರ ಇಟ್ಟಿರಿ ಸಾಕು.